ಇಸ್ತ್ರಿ ಕೋಣೆಯ ಹೊಸಬಳು

ಲಾಂಡ್ರಿಯ ಇಸ್ತ್ರಿ ಕೋಣೆಗೆ ಹೊಸದಾಗಿ ಬಂದ ಹೆಂಗಸಿಗೆ ವಾರ ತುಂಬುವ ಮೊದಲೇ ಅಡ್ಡಹೆಸರು ಬಿದ್ದಿತ್ತು: ಮಹಾರಾಣಿ. ಕರೆದರೆ ತಿರುಗುವುದಿಲ್ಲ. ಮಾತಾಡಿಸಿದರೆ ಸುಮ್ಮನೆ ನಗುತ್ತಾಳೆ. "ಬಾರಮ್ಮ ಊಟಕ್ಕೆ" ಅಂದರೂ ತನ್ನ ಪಾಡಿಗೆ ತಾನು ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಾ ನಿಂತಿರುತ್ತಾಳೆ.

"ಎಷ್ಟು ಸೊಕ್ಕು ನೋಡ್ರೇ! ನಾವೇನು ಅವಳ ಮನೆ ಆಳುಗಳಾ?" ಎಂದಳು ದೊಡ್ಡಕ್ಕ. ಆ ಕೋಣೆಯಲ್ಲಿ ಎಲ್ಲರಿಗಿಂತ ಹಳಬಳು ಅವಳೇ. ಅವಳಿಗೆ ಎದುರಾಡುವವರಿಲ್ಲ. ಅಂದಿನಿಂದ ಊಟಕ್ಕೆ ಕರೆಯುವುದೂ ನಿಂತಿತು.

ಹೊಸಬಳು ಕಿಟಕಿ ಪಕ್ಕ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಆಚೆ ಎಲ್ಲರೂ ನಕ್ಕರೆ ಅವಳ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು.

"ನನ್ನ ನೋಡಿಯೇ ನಗ್ತಾರೆ ರೀ," ಎಂದಳು ಮನೆಯಲ್ಲಿ.

"ಕಿವಿ ಮಂದ ಅಂತ ಹೇಳಿಬಿಡು, ಮುಗೀತು," ಎಂದ ಗಂಡ.

"ಹೇಳಿದ್ರೆ ಕೆಲಸವೂ ಮುಗಿಯತ್ತೆ."

ಒಂದು ದಿನ ಒದ್ದೆ ಬಟ್ಟೆಯ ಗಾಡಿ ತಳ್ಳಿಕೊಂಡು ಬಂದವನು "ಜರುಗಿ, ಜರುಗಿ" ಎಂದು ಕೂಗಿದ. ಎಲ್ಲರೂ ಜರುಗಿದರು, ಅವಳೊಬ್ಬಳನ್ನು ಬಿಟ್ಟು. ಚಕ್ರ ಹಿಮ್ಮಡಿಗೆ ಬಡಿದು ಬಿದ್ದಳು. ಬಿಸಿ ಇಸ್ತ್ರಿಪೆಟ್ಟಿಗೆ ಮೈಮೇಲೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು.

"ಕಿವಿಗೇನು ಹತ್ತಿ ತುರುಕ್ಕೊಂಡಿದ್ದೀಯಾ?" ದೊಡ್ಡಕ್ಕ ಎದುರಿಗೇ ಬಂದು ಗದರಿದಳು. ಎದುರಿಗೆ ಆಡಿದ್ದರಿಂದ ಈ ಮಾತು ಮಾತ್ರ ಹೊಸಬಳಿಗೆ ಪೂರ್ತಿ ತಿಳಿಯಿತು.

"ಕೇಳಲ್ಲ ಅಕ್ಕಾ. ನಂಗೆ ಕಿವಿ ಕೇಳಲ್ಲ," ಎಂದು ಅತ್ತುಬಿಟ್ಟಳು.

ಗಾಯಕ್ಕೆ ಪಟ್ಟಿ ಕಟ್ಟಲು ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು. ದೊಡ್ಡಕ್ಕನ ಸಿಟ್ಟು ಇಳಿದಿತ್ತು, ಅನುಮಾನ ಇಳಿದಿರಲಿಲ್ಲ.

"ಪಾಪ ಅನ್ಸತ್ತೆ ನರ್ಸಮ್ಮ. ಆದ್ರೆ ಇವತ್ತು ಕಾಲಿಗೆ ಬಂದದ್ದು ನಾಳೆ ಜೀವಕ್ಕೆ ಬಂದ್ರೆ? ಇವಳನ್ನ ಇಲ್ಲಿ ಇಟ್ಕೊಳ್ಳೋದು ಹೇಗೆ?"

"ಇವರ ಮೇಜು ಗೋಡೆ ಕಡೆಗಿದೆ. ದಾರಿ ಕಡೆಗೆ ತಿರುಗಿಸಿ, ಗಾಡಿ ಬರೋದು ಕಣ್ಣಿಗೆ ಕಾಣ್ಲಿ. ಹಿಂದಿನಿಂದ ಕೂಗ್ಬೇಡಿ. ಎದುರಿಗೆ ಬಂದು, ಕೈ ಬೀಸಿ, ಆಮೇಲೆ ಮಾತಾಡಿ."

"ಜೋರಾಗಿ ಕಿರುಚಿದ್ರೆ?"

"ನಿಮ್ಮ ಗಂಟಲು ಹೋಗತ್ತೆ, ಅಷ್ಟೇ. ಬಾಯಿ ಕಾಣೋ ಹಾಗೆ, ನಿಧಾನವಾಗಿ, ಒಬ್ಬೊಬ್ಬರೇ ಹೇಳಿ. ತಿಳೀದಿದ್ರೆ ಬೇರೆ ಮಾತಲ್ಲಿ ಹೇಳಿ. ಕಿವಿ ಪರೀಕ್ಷೆಗೆ ನಾನೇ ಕರ್ಕೊಂಡು ಹೋಗ್ತೀನಿ."

"ನಮ್ಮತ್ತೇನೂ ಕರೆದ್ರೆ ಓ ಅನ್ನಲ್ಲ," ಎಂದಳು ದೊಡ್ಡಕ್ಕ ಮೆಲ್ಲಗೆ. "ಹಟಮಾರಿ ಅಂತ ನಾನು ಮಾತೇ ಬಿಟ್ಟಿದ್ದೀನಿ."

"ಅವರನ್ನೂ ಕರ್ಕೊಂಡು ಬನ್ನಿ."

ಅತ್ತೆಯ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಡಾಕ್ಟರು ತೆಗೆದ ಮೇಲೆ ಮನೆಯಲ್ಲಿ ಅವರದೇ ಮಾತು. "ಇನ್ನು ಮಾತು ನಿಲ್ಲಿಸೋಕೆ ಔಷಧಿ ಇದ್ರೆ ಹೇಳಿ," ಎಂದು ದೊಡ್ಡಕ್ಕ ನಗುತ್ತಾಳೆ.

ಹೊಸಬಳ ಒಂದು ಕಿವಿಗೆ ಯಂತ್ರ ಬಂತು. ಹಾಕಿಕೊಂಡು ಬಂದ ಮೊದಲ ದಿನ ಅವಳು ಕಂಗಾಲು. "ಅಯ್ಯೋ, ಆಚೆ ಕೋಣೆಯ ಬಟ್ಟೆ ಒಗೆಯೋ ಮೆಷಿನ್ನು ಇಷ್ಟು ಗಲಾಟೆ ಮಾಡತ್ತಾ?"

"ಇಷ್ಟು ವರ್ಷ ನಾವು ಅನುಭವಿಸಿದ್ದೀವಿ. ಇನ್ನು ನೀನೂ ಅನುಭವಿಸು!" ಎಂದಳು ದೊಡ್ಡಕ್ಕ.

ಯಂತ್ರ ಬಂದ ಮಾತ್ರಕ್ಕೆ ಎಲ್ಲವೂ ಕೇಳುವುದಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಈಗಲೂ ಎಳೆ ತಪ್ಪುತ್ತದೆ. ಒಂದು ಮಧ್ಯಾಹ್ನ ಎಲ್ಲರೂ ಜೊತೆಗೆ ಕೂತು ಉಣ್ಣುವಾಗ ಗಾಡಿಯವನು ತನ್ನ ಮಾವನ ಮನೆಯ ಕಥೆ ಹೇಳಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

"ಏನಂತೆ?" ಎಂದಳು ಅವಳು.

ಪಕ್ಕದವಳು "ಏನಿಲ್ಲ ಬಿಡು" ಎನ್ನುವಷ್ಟರಲ್ಲಿ ದೊಡ್ಡಕ್ಕ ತಟ್ಟೆ ಎತ್ತಿಕೊಂಡು ಬಂದು ಅವಳ ಎದುರು ಕೂತಳು. ಮಾವ ಅಳಿಯನ ಚಪ್ಪಲಿ ಮೆಟ್ಟಿಕೊಂಡು ಹೋದದ್ದರಿಂದ ಹಿಡಿದು ಅಳಿಯ ಅತ್ತೆಯ ಚಪ್ಪಲಿಯಲ್ಲಿ ಬಸ್ಸು ಹತ್ತಿದ್ದರವರೆಗೆ ಒಂದೂ ಬಿಡದೆ ಹೇಳಿದಳು. ಹೊಸಬಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಿಮ್ಮ ಉಪಕಾರ ಮರೆಯಲ್ಲ ಅಕ್ಕಾ."

"ಜೋಕು ಹೇಳಿದ್ದಕ್ಕೆ ಉಪಕಾರ ಏನೇ?"

"ಇನ್ನೊಂದ್ಸಲ ಹೇಳಿದ್ರಲ್ಲ, ಅದಕ್ಕೆ. ಮನೆಯವರು ಬಿಟ್ರೆ ನಂಗೋಸ್ಕರ ಯಾರೂ ಇನ್ನೊಂದ್ಸಲ ಹೇಳಿರ್ಲಿಲ್ಲ."

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೋ ಕೆಲಸದ ಜಾಗದಲ್ಲೋ ಕರೆದರೆ ತಿರುಗದವರು ಇರಬಹುದು. ಸೊಕ್ಕು ಎನ್ನುವ ಮೊದಲು ಅವರ ಎದುರಿಗೆ ಹೋಗಿ ನಿಲ್ಲಿ. ಕಿವಿ ಪರೀಕ್ಷೆಗೆ ಜೊತೆಗೆ ಹೋಗಿ. ಅವರು "ಏನಂತೆ?" ಎಂದರೆ "ಏನಿಲ್ಲ ಬಿಡು" ಅನ್ನಬೇಡಿ. ದಯವಿಟ್ಟು ಇನ್ನೊಮ್ಮೆ ಹೇಳಿ.