ಒನ್ನಾ ಹಾಡುಗಳ ಪಾಲು

ಹೊಸವರ್ಷದ ಮಧ್ಯಾಹ್ನ ಮೀನುಗಾರರ ಸಂಘದ ಕುಡಿತಕ್ಕೆ ಕಿನುಯೊ ಬಂದದ್ದು ಜಗಳಕ್ಕೆ ಟೊಂಕ ಕಟ್ಟಿಕೊಂಡೇ. ಗಂಡ ಯಾಸುಜಿ ಹೋದ ಬೇಸಿಗೆಯಲ್ಲಿ ಲಕ್ವ ಹೊಡೆದು ತೀರಿಕೊಂಡಿದ್ದ. ಅವನು ಬಿಟ್ಟುಹೋದ ದೋಣಿ ಅವಳ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಮರುದಿನ ಬೆಳಿಗ್ಗೆ ತೀರ್ಮಾನವಾಗುವುದಿತ್ತು. ವರ್ಷದ ಮೊದಲ ಸಲ ದೋಣಿಗಳು ಹೊರಡುವಾಗ ಯಾರು ಚುಕ್ಕಾಣಿ ಹಿಡಿದಿರುತ್ತಾರೋ ಅವರೇ ಆ ವರ್ಷಕ್ಕೆ ಆ ದೋಣಿಯ ಯಜಮಾನರು, ಕೊಲ್ಲಿಯಲ್ಲಿ ಕಡಲಪಾಚಿ ಬೆಳೆಯುವ ಹಗ್ಗದ ಸಾಲುಗಳೂ ಅವರದೇ. ಆ ಒಂದು ದಿನ ಮಾತ್ರ ಹೆಂಗಸರು ದೋಣಿ ಹತ್ತುವಂತಿಲ್ಲ. ದೋಣಿಯ ದೇವರು ಹೆಣ್ಣು, ಇನ್ನೊಂದು ಹೆಣ್ಣನ್ನು ಕಂಡರೆ ಹೊಟ್ಟೆಕಿಚ್ಚು ಪಡುತ್ತಾಳಂತೆ. ಉಳಿದ ದಿನಗಳಲ್ಲಿ, ಬೆರಳು ಮರಗಟ್ಟುವ ಚಳಿಯಲ್ಲಿ ಒದ್ದೆ ಹಗ್ಗ ಎಳೆಯುವುದಕ್ಕೆ ಹೆಂಗಸು ಬೇಕಾದಾಗ, ಅದೇ ದೇವರಿಗೆ ಯಾವ ಕಿಚ್ಚೂ ಇಲ್ಲ. ಕಿನುಯೊ ಮದುವೆಯಾಗಿ ಬಂದಾಗಿನಿಂದ ಆ ಹಗ್ಗ ಎಳೆದಿದ್ದಳು.

ಸಂಘದ ಅಧ್ಯಕ್ಷ ಕುಮಗಾಯ್‌ನ ಸಾಲುಗಳು ಅವಳ ಸಾಲುಗಳ ಮಗ್ಗುಲಿಗೇ ಇದ್ದವು. ಆತ ಬಹಳ ಕಾಳಜಿ ತೋರಿಸಿ ಯಾಸುಜಿಯ ತಮ್ಮನ ಮಗ ಷೋಗೊನನ್ನು ಸೆಂದೈ ಪಟ್ಟಣದಿಂದ ಕರೆಸಿದ್ದ. ಷೋಗೊನದು ಟೈರ್ ಅಂಗಡಿ. ನಿಂತ ದೋಣಿಯಲ್ಲಿ ಕೂತರೂ ಅವನಿಗೆ ತಲೆ ತಿರುಗುತ್ತದೆ. ನಾಳೆ ಅವನು ಚುಕ್ಕಾಣಿ ಮುಟ್ಟಿದರೆ ನಾಡಿದ್ದು ದೋಣಿ, ಸಾಲು ಎಲ್ಲವೂ ಕುಮಗಾಯ್‌ಗೆ ಮಾರಾಟವಾಗುತ್ತವೆ ಎಂಬುದು ಊರಿಗೇ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಒಣಗಿಸಿದ ಸ್ಕ್ವಿಡ್ ಜಗಿಯುತ್ತ ಕೂತಿದ್ದರು.

ಕುಡಿತದ ದಿನ ಅಲ್ಲಿ ಒಂದು ಪಂದ್ಯ ನಡೆಯುತ್ತದೆ. ಊರಿನ ಹಿರಿಯ ಗೆಂಜೊ ತಾತ ಡಬ್ಬಿಗೆ ಕೈ ಹಾಕಿ ಒಂದು ಅಕ್ಷರದ ಚೀಟಿ ಎತ್ತುತ್ತಾನೆ. ಆ ಸದ್ದಿನಿಂದ ಹೆಸರು ಶುರುವಾಗುವ ಸಿನಿಮಾ ಹಾಡೋ, ರೇಡಿಯೊ ಹಾಡೋ, ಬಂದರಿನ ಹಾಡೋ, ಯಾವುದಾದರೂ ಒಂದನ್ನು ದೋಣಿಗೊಬ್ಬರಂತೆ ಸರದಿಯಲ್ಲಿ ಹಾಡಬೇಕು. ಒಮ್ಮೆ ಹಾಡಿದ್ದನ್ನು ಇನ್ನೊಬ್ಬರು ಹಾಡುವಂತಿಲ್ಲ. ಹಾಡು ಹೊಳೆಯದವನು ಮೈಕ್ ಇಟ್ಟು ಕೂರಬೇಕು. ಕೊನೆಗೆ ಉಳಿದವರ ದೋಣಿ ಮರುದಿನ ಮೊದಲು ಹೊರಡುತ್ತದೆ. ಅದು ಅಲೆತಡೆ ಗೋಡೆಯ ತುದಿಯ ದೀಪ ದಾಟುವ ತನಕ ಮಿಕ್ಕವರು ಮಿಸುಕುವಂತಿಲ್ಲ.

ಆ ವರ್ಷ ಬಂದದ್ದು ‘ಒ’. ಚೀಟಿ ಕಂಡದ್ದೇ ಹಾಲ್ ತುಂಬ ಹೋ ಎಂದರು. ಒತೊಕೊ ಅಂದರೆ ಗಂಡಸು, ಒನ್ನಾ ಅಂದರೆ ಹೆಂಗಸು. ಈ ಎರಡು ಮಾತಿನಿಂದ ಶುರುವಾಗುವ ಹಾಡುಗಳನ್ನು ಕಿತ್ತರೆ ಬಂದರಿನ ಬಾರುಗಳೆಲ್ಲ ಮೂಕವಾಗುತ್ತವೆ. ಒತೊಕೊ ಹಾಡಿನಲ್ಲಿ ಅವನು ಬಿರುಗಾಳಿಗೆ ಎದೆಯೊಡ್ಡಿ ಹೊರಡುತ್ತಾನೆ, ತಿರುಗಿ ನೋಡುವುದಿಲ್ಲ. ಒನ್ನಾ ಹಾಡಿನಲ್ಲಿ ಅವಳು ಜೆಟ್ಟಿಯ ಮೇಲೆ ನಿಂತು ಅಳುತ್ತಾಳೆ. ಇಷ್ಟೇ ಕತೆ, ರಾಗ ಮಾತ್ರ ಬೇರೆ ಬೇರೆ.

ಷೋಗೊನ ಮುಖ ಬಿಳುಚಿತು. "ದೊಡ್ಡಮ್ಮ, ನಂಗೆ ಹಾಡೋಕೆ ಬರಲ್ಲ," ಎಂದು ಪಿಸುಗುಟ್ಟಿದ.

"ಬರೋದು ಏನು ನಿಂಗೆ? ಕೂತ್ಕೋ," ಎಂದು ಕಿನುಯೊ ಎದ್ದು ಮೈಕ್ ತಗೊಂಡಳು.

ಕುಮಗಾಯ್ ಹಲ್ಲು ಕಿರಿದ. "ಏನು ಕಿನುಯೊ-ಸಾನ್, ಉಪ್ಪಿನಕಾಯಿ ಬಡಿಸೋಕೆ ಎದ್ರೋ ಏನ್ಕತೆ?"

"ಯಾಸುಜಿ ದೋಣಿ ಪರವಾಗಿ ಹಾಡ್ತೀನಿ."

ಕುಮಗಾಯ್ ಗೆಂಜೊ ತಾತನ ಕಡೆ ನೋಡಿದ. ತಾತ ಬಟ್ಟಲಿನಿಂದ ಒಂದು ಗುಟುಕು ಎಳೆದು ಹೇಳಿದ: "ದೋಣಿ ಪರವಾಗಿ ಒಬ್ರು ಹಾಡ್ಬೇಕು ಅಂತ ನಮ್ಮಪ್ಪ ಹೇಳ್ತಿದ್ದ. ಮೀಸೆ ಇರ್ಬೇಕು ಅಂತೇನೂ ಹೇಳಿದ ನೆನಪಿಲ್ಲ."

"ಸರಿ ಬಿಡಿ, ಒಂದು ಹಾಡ್ಲಿ," ಎಂದ ಕುಮಗಾಯ್. "ಆದ್ರೆ ಒತೊಕೊ ಹಾಡು ಮುಟ್ಟಂಗಿಲ್ಲ. ಗಂಡಸ್ರ ಹಾಡು ಗಂಡಸ್ರಿಗೆ."

"ಹಂಗಾದ್ರೆ ಒನ್ನಾ ಹಾಡು ಯಾರಿಗೆ?"

"ನೀವೇ ಇಟ್ಕೊಳಮ್ಮಾ, ಅಷ್ಟೂ ಇಟ್ಕೊಳ್ಳಿ! ಕಿಮೊನೊ ತೋಳು ಕಚ್ಕೊಂಡು ಅಳೋ ಗಂಡಸು ಯಾವನಿದ್ದಾನೆ ಇಲ್ಲಿ?"

ಹಾಡಿನ ಯಂತ್ರದ ಹತ್ತಿರ ಕೂತಿದ್ದ ಬಾರಿನ ಒಡತಿ ಸವಾಕೊಗೆ ತಡೆಯಲಾಗಲಿಲ್ಲ. "ನೀವೇ ಇದ್ದೀರಲ್ಲ ಅಧ್ಯಕ್ಷರೇ. ನನ್ನ ಬಾರಲ್ಲಿ ಶನಿವಾರ ಬಂತು ಅಂದ್ರೆ ಒನ್ನಾ ಹಾಡು ಬಿಟ್ರೆ ಬೇರೆ ಇಲ್ಲ. ಕರ್ಚೀಫು ನಾನೇ ಕೊಡ್ಬೇಕು."

ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕುಮಗಾಯ್‌ನ ಕಿವಿ ಕೆಂಪಾಯಿತು. ಅಲ್ಲಿಗೇ ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ನಗೆಪಾಟಲಾದ ಗಂಡಸಿಗೆ ಸುಮ್ಮನಿರುವ ವಿದ್ಯೆ ಯಾರೂ ಕಲಿಸಿರುವುದಿಲ್ಲ. "ಇವತ್ತು ಒನ್ನಾ ಹಾಡು ಹಾಡಿದ ಗಂಡಸು ಪಂದ್ಯದಿಂದ ಆಚೆ! ಅಧ್ಯಕ್ಷನಾಗಿ ಹೇಳ್ತಿದ್ದೀನಿ!" ಎಂದು ಮೇಜು ಕುಟ್ಟಿದ.

"ಒಪ್ಪಿಗೇನಾ ಎಲ್ರಿಗೂ?" ಎಂದ ತಾತ. ಎಲ್ಲರೂ ಒಟ್ಟಾಗಿ ಚಪ್ಪಾಳೆ ತಟ್ಟಿದರು. ಸಂಘದಲ್ಲಿ ಚಪ್ಪಾಳೆ ಬಿದ್ದ ಮಾತು ಕಲ್ಲಿನಲ್ಲಿ ಕೊರೆದ ಹಾಗೆ, ಹಿಂದೆ ತಗೊಳ್ಳುವಂತಿಲ್ಲ.

ಮೊದಲ ಸುತ್ತುಗಳಲ್ಲಿ ಒಸಾಕಾ ಊರಿನ ಹಾಡುಗಳು ಮುಗಿದವು, ಒಕಾಸಾನ್, ಅಂದರೆ ಅಮ್ಮನ ಹಾಡುಗಳು ಮುಗಿದವು. ಆಮೇಲೆ ಗಂಡಸರೆಲ್ಲ ಒತೊಕೊ ಹಾಡುಗಳ ಮೇಲೆ ಮುಗಿಬಿದ್ದರು. "ಲೋ, ಅದು ನನ್ನ ಹಾಡು ಕಣೋ!" "ನಿನ್ನ ಹೆಸರು ಬರೆದಿತ್ತೇನೋ ಅದರ ಮೇಲೆ?" ಎಂದು ಪರಸ್ಪರ ಬೈದಾಡಿಕೊಂಡರು. ಅಷ್ಟು ಜನ ಸೇರಿ ಒಂದೇ ಪಾಲನ್ನು ಕಿತ್ತಾಡಿ ತಿನ್ನುತ್ತಿದ್ದರು. ಇನ್ನೊಂದು ಪಾಲು ಇಡಿಯಾಗಿ ಕಿನುಯೊಳದು. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬನಿಗೂ ಅದು ಇನ್ನೂ ಹೊಳೆದಿರಲಿಲ್ಲ. ಅವಳಿಗೆ ಕುಮಗಾಯ್ ಮೇಜು ಕುಟ್ಟಿದಾಗಲೇ ಹೊಳೆದಿತ್ತು.

ಅವಳ ದನಿ ಇಂಪಾದದ್ದೇನಲ್ಲ. ಎಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಒಡೆದಿತ್ತು. ಪಾಚಿ ಹಸನು ಮಾಡುವ ಶೆಡ್ಡಿನ ರೇಡಿಯೊದಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ಬರುತ್ತಿದ್ದದ್ದು ಈ ಅಳುಬುರುಕ ಹಾಡುಗಳೇ. ಅವಳಿಗೆ ಒಂದೂ ಇಷ್ಟವಿರಲಿಲ್ಲ, ಎಲ್ಲವೂ ಬಾಯಿಪಾಠವಿದ್ದವು. ಹಿಮದಲ್ಲಿ ಕಾಯುವವಳ ಹಾಡನ್ನು ಬಾಕಿ ವಸೂಲಿಗೆ ಬಂದವಳ ಗತ್ತಿನಲ್ಲಿ ಹಾಡಿದಳು. ‘ಬಾ, ನನ್ನೊಡೆಯಾ’ ಎಂಬ ಕಡೆ ಕುಮಗಾಯ್‌ನ ಮುಖವನ್ನೇ ದುರುಗುಟ್ಟಿ ನೋಡಿದಳು. ನಡುವೆ ಯಾಸುಜಿಯ ನೆನಪು ಬಂತು. ಅಮಲು ಇಳಿಯದ ಬೆಳಿಗ್ಗೆಗಳಲ್ಲೆಲ್ಲ ಚುಕ್ಕಾಣಿಯನ್ನು ಇವಳ ಕೈಗೆ ಕೊಟ್ಟು ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಆದರೆ ಊರವರ ಮುಂದೆ ಒಂದು ಸಲವೂ ‘ದೋಣಿ ನಡೆಸೋದು ನನ್ನ ಹೆಂಡತಿ’ ಎಂದು ಹೇಳಲಿಲ್ಲ. ಅವನ ಮೇಲೆ ಪ್ರೀತಿಯಿತ್ತು, ಅಷ್ಟೇ ಸಿಟ್ಟೂ ಇತ್ತು. ಎರಡನ್ನೂ ಸೇರಿಸಿ ಹಾಡು ಮುಗಿಸಿದಳು.

ಒಬ್ಬೊಬ್ಬರೇ ಮೈಕ್ ಇಟ್ಟು ಕೂತರು. ಕೊನೆಗೆ ಕುಮಗಾಯ್ ಒಬ್ಬ ಉಳಿದ. ಎಲ್ಲಿಂದಲೋ ಒಂದು ಹಳೇ ಒತೊಕೊ ಹಾಡು ಹೆಕ್ಕಿ ತಂದು ಹಾಡಿದ. ಕಿನುಯೊ ಇನ್ನೊಂದು ಒನ್ನಾ ಹಾಡು ಹಾಡಿದಳು. ಮತ್ತೆ ಅವನ ಸರದಿ. ಹಣೆಯಲ್ಲಿ ಬೆವರು. ಬಾಯಿ ತನ್ನಷ್ಟಕ್ಕೆ ಯಾವುದೋ ರಾಗ ಗುನುಗಿತು, ಶನಿವಾರದ್ದು.

"ಕುಮಗಾಯ್," ಎಂದ ತಾತ. ರಾಗ ನಿಂತಿತು.

"ಅಲ್ಲ ತಾತ, ತಮಾಷೆಗೆ ಹೇಳಿದ್ದಪ್ಪ ಅದು. ಆ ನಿಯಮ ಈಗ..."

"ಹಾಡಿ ಅಧ್ಯಕ್ಷರೇ," ಎಂದಳು ಕಿನುಯೊ. "ನಾನು ಬೇಡ ಅಂದ್ನಾ? ಬೇಡ ಅಂದಿದ್ದು ನೀವೇ ತಾನೆ?"

ಸವಾಕೊ ಕರ್ಚೀಫು ಎತ್ತಿ ತೋರಿಸಿದಳು. ಕುಮಗಾಯ್ ಮೈಕ್ ಇಟ್ಟ.

ಆದರೆ ಅವನು ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. "ಸರಿ, ನಿಮ್ಮ ದೋಣಿ ಮುಂದೆ ಹೋಗ್ಲಿ. ಷೋಗೊ ಚುಕ್ಕಾಣಿ ಹಿಡೀತಾನೆ."

"ನಾನಾ?" ಷೋಗೊ ಬಾಯಿಗೆ ಕೈ ಅಡ್ಡ ಹಿಡಿದ. "ನಂಗೆ ಈಗ್ಲೇ ವಾಂತಿ ಬರೋ ಹಂಗಾಗ್ತಿದೆ. ದೊಡ್ಡಮ್ಮಾನೇ ಹೋಗ್ಲಿ ಬಿಡಿ."

"ಹಾಡಿದವ್ರೇ ಹಿಡೀಬೇಕು. ಯಾವತ್ತೂ ಹಂಗೇ ನಡೆದಿರೋದು," ಎಂದ ತಾತ.

"ದೇವರಿಗೆ ಸಿಟ್ಟು ಬಂದ್ರೆ?" ಎಂದ ಕುಮಗಾಯ್.

"ಆ ದೇವರ ಗೂಡು ಒರೆಸೋಳು ನಾನು," ಎಂದಳು ಕಿನುಯೊ. "ಅಕ್ಕಿ, ಉಪ್ಪು, ಸಾಕೆ ಹೆಂಡ ಇಡೋಳು ನಾನು. ಸಿಟ್ಟಿದ್ರೆ ನನ್ನ ಹತ್ರಾನೇ ಹೇಳ್ಕೋತಾಳೆ. ನಿಮಗೇನು ಹೇಳಿ ಕಳ್ಸಿಲ್ವಲ್ಲ?"

ಬೆಳಿಗ್ಗೆ ದೋಣಿಗಳಿಗೆಲ್ಲ ಬಣ್ಣಬಣ್ಣದ ಬಾವುಟ ಏರಿತ್ತು. ಹೆಂಗಸರು ವಾಡಿಕೆಯಂತೆ ಜೆಟ್ಟಿಯ ಮೇಲೆ ನಿಂತಿದ್ದರು. ಕಿನುಯೊ ಅವರ ನಡುವಿನಿಂದ ನಡೆದುಬಂದಾಗ ಅವಳ ದೋಣಿಯ ಹಗ್ಗದ ಮೇಲೆ ಕುಮಗಾಯ್ ಬೂಟುಗಾಲು ಇಟ್ಟುಕೊಂಡು ನಿಂತಿದ್ದ.

"ಇನ್ನೊಂದ್ಸಲ ಯೋಚ್ನೆ ಮಾಡಿ. ಈ ವರ್ಷ ಬೆಳೆ ಕೈಕೊಟ್ರೆ ಊರೆಲ್ಲ ನಿಮ್ಮನ್ನೇ ಅನ್ನತ್ತೆ."

"ಅನ್ಲಿ. ಕಾಲು ತೆಗೀರಿ."

"ನಾನು ನಿಮ್ಮ ಒಳ್ಳೇದಕ್ಕೇ..."

"ಕಾಲು."

ಅವನು ಕಾಲು ತೆಗೆದ. ಅವಳು ದೋಣಿಗೆ ಇಳಿದು ದೇವರ ಗೂಡಿಗೆ ಕೈಮುಗಿದು ಎಂಜಿನ್ ಚಾಲು ಮಾಡಿದಳು. ಹೆದರಿಕೆಯಾಗಿತ್ತು, ಸುಳ್ಳೇಕೆ? ಊರಿಗೆ ಊರೇ ನೋಡುತ್ತಿದ್ದಾಗ ಅವಳು ಚುಕ್ಕಾಣಿ ಹಿಡಿದದ್ದು ಅದೇ ಮೊದಲು. ದೋಣಿ ಜೆಟ್ಟಿ ಬಿಟ್ಟಾಗ ಹೆಂಗಸರಲ್ಲಿ ಯಾರೋ ಅವಳ ಹೆಸರು ಹಿಡಿದು ಜೋರಾಗಿ ಕೂಗಿದರು, ಆಮೇಲೆ ಹಲವರು ಕೂಗಿದರು.

ಹಿಂದೆ ಅಷ್ಟೂ ದೋಣಿಗಳು ಎಂಜಿನ್ ಗುರುಗುಟ್ಟಿಸುತ್ತ ಚಳಿಯಲ್ಲಿ ನಿಂತಿದ್ದವು. ಅವಳು ದಾಟಬೇಕಾದ ಅಲೆತಡೆ ಗೋಡೆಯ ದೀಪ ಇನ್ನೂ ದೂರವಿತ್ತು. ದಾರಿಯಲ್ಲೇ ಅವಳ ಪಾಚಿಯ ಸಾಲುಗಳು. ಹಗ್ಗವನ್ನು ತೇಲಿಸಿ ಹಿಡಿಯುವ ಒಂದು ಬುರುಡೆಯ ಕಟ್ಟು ಸಡಿಲವಾದದ್ದು ಕಣ್ಣಿಗೆ ಬಿತ್ತು. ಕಿನುಯೊ ಎಂಜಿನ್ ನಿಲ್ಲಿಸಿದಳು. ಹಿಂದಿನಿಂದ ಕುಮಗಾಯ್ ಹಾರ್ನ್ ಒತ್ತಿದ, ಒಮ್ಮೆ, ಮತ್ತೊಮ್ಮೆ, ಆಮೇಲೆ ಎಡೆಬಿಡದೆ.

"ಕಾಯ್ರಿ!" ಎಂದು ತಿರುಗಿ ನೋಡದೆ ಕೂಗಿ, ಕೈಗವಸು ಬಿಚ್ಚಿಟ್ಟು, ಗಂಟು ಬಿಗಿಯಲು ಬಗ್ಗಿದಳು.