ಹುಲ್ಲಿನ ಕೆಳಗೆ

ಗಾಳಿ ಬೀಸಿದರೆ ಅಮ್ಮನ ಶ್ರವಣಯಂತ್ರ ಕೆಟ್ಟ ರೇಡಿಯೋದ ಹಾಗೆ ಗೊರಗೊರ ಅನ್ನುತ್ತದೆ. ಹಾಗಾಗಿ ಸಮುದ್ರದ ಪಕ್ಕದ ಆ ಕಾಲುದಾರಿಗೆ ಇಳಿದ ಸ್ವಲ್ಪ ಹೊತ್ತಿಗೇ ಅವಳು ಎರಡನ್ನೂ ಕಿವಿಯಿಂದ ಕಿತ್ತು, ಡಬ್ಬಿಗೆ ಹಾಕಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

"ಇಟ್ಕೋ. ಸಮುದ್ರ ನೋಡೋಕೆ ಕಿವಿ ಯಾಕೆ?"

ಅವಳ ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದೆ. "ಹಿಂದಿನಿಂದ ಸೈಕಲ್ ಬಂದ್ರೆ?"

"ಬಂದ್ರೆ ಅವನು ಬ್ರೇಕ್ ಹಾಕ್ತಾನೆ ಪುಕ್ಕಿ. ಸೈಕಲ್ಲಿಗೆ ಬ್ರೇಕ್ ಇಟ್ಟಿರೋದು ಅದಕ್ಕೇ."

ಪುಕ್ಕಿ ಅಂದರೆ ನಾನು. ಪುಕ್ಕಲಿ ಎಂದು ಚಿಕ್ಕಂದಿನಲ್ಲಿ ಅವಳೇ ಇಟ್ಟ ಹೆಸರು, ನನಗೆ ನಲವತ್ತು ದಾಟಿದ ಮೇಲೂ ಬಿಟ್ಟಿಲ್ಲ. ಬೀಗ ಹಾಕಿ ಮೆಟ್ಟಿಲಿಳಿದ ಮೇಲೂ ವಾಪಸ್ಸು ಹೋಗಿ ಬಾಗಿಲು ಎಳೆದು ನೋಡುವವಳು ನಾನು, ಲಿಫ್ಟಿನಲ್ಲಿ ಗುಂಡಿಗಳ ಪಕ್ಕವೇ ನಿಲ್ಲುವವಳು. ಅಮ್ಮ ದಿನಪತ್ರಿಕೆಯ ಮುದ್ರಣಾಲಯದಲ್ಲಿ ನಿವೃತ್ತಿಯವರೆಗೆ ದುಡಿದವಳು, ಓಡುವ ಯಂತ್ರದ ಸಂದಿಯಿಂದ ಸಿಕ್ಕಿಕೊಂಡ ಕಾಗದ ಎಳೆದು ತೆಗೆದವಳು. ಆ ಯಂತ್ರಗಳು ಅವಳ ಕಿವಿ ತಿಂದವು, ಧೈರ್ಯದ ತಂಟೆಗೆ ಹೋಗಲಿಲ್ಲ. ನನಗೆ ಹೆದರಿಕೆಯಾದಾಗಲೆಲ್ಲ ಮೊದಲು ಅವಳ ಮುಖ ನೋಡುತ್ತೇನೆ. ಅಲ್ಲಿ ಗೇಲಿ ಇದ್ದರೆ ಇದು ಹೆದರುವಂಥದ್ದಲ್ಲ ಎಂದುಕೊಂಡು ಉಸಿರು ಬಿಡುತ್ತೇನೆ.

ಆ ದಾರಿಗೆ ಬಂದದ್ದು ಅವಳ ಹಟಕ್ಕೆ. ಬೈಂಡಿಂಗ್ ವಿಭಾಗದಲ್ಲಿ ಅವಳ ಜೊತೆಗಿದ್ದ ಗೆಳತಿಯೊಬ್ಬಳು ಇಲ್ಲಿ ಸಮುದ್ರದ ಕಡೆಗೆ ಮುಂದೆ ಬಂದ ಹುಲ್ಲಿನ ಚಾಚೊಂದರ ಮೇಲೆ, ಹಿಂದೆ ಬರೀ ಸಮುದ್ರ, ಕೈ ಅಗಲಿಸಿ ನಿಂತ ಫೋಟೋ ಕಳಿಸಿದ್ದಳು. ಅಮ್ಮನಿಗೂ ಅದೇ ಬೇಕಿತ್ತು. "ಅವಳಿಗಿಂತ ನಾನೇನು ಕಮ್ಮಿ? ನನ್ನ ಕೂದಲಾದ್ರೂ ಅಸಲಿ."

ರಜಾದಿನ. ಕಾರು ನಿಲ್ಲಿಸಲು ಜಾಗ ಸಿಗದೆ ಎರಡು ಸುತ್ತು ಹಾಕಿದ್ದೆವು. ಕಾರು ನಿಲ್ದಾಣದ ಪಕ್ಕ ಗಾಜಿನ ಗೋಡೆಯ ಚಹಾದಂಗಡಿ, ಅಲ್ಲಿಂದ ಸ್ವಲ್ಪ ಮುಂದೆ ಶೌಚಾಲಯ, ಅದರ ಎದುರಿಗೆ ಕಬ್ಬಿಣದ ಕಟಾಂಜನ ಹಾಕಿದ ವೀಕ್ಷಣಾ ಕಟ್ಟೆ, ಕಟ್ಟೆಯ ಮೇಲೆ ನಾಣ್ಯ ಹಾಕಿದರೆ ಕಣ್ಣು ತೆರೆಯುವ ದೊಡ್ಡ ದುರ್ಬೀನು. ಅಲ್ಲಿ ಸಮುದ್ರ ಭೂಮಿಯೊಳಗೆ ಕುದುರೆಯ ಲಾಳದ ಹಾಗೆ ನುಗ್ಗಿದೆ. ಕಟ್ಟೆ ಲಾಳದ ಈ ತುದಿಯಲ್ಲಿ, ಹುಲ್ಲಿನ ಚಾಚು ಆ ತುದಿಯಲ್ಲಿ. ನಡುವೆ ನೀರು. ನಡೆದು ಹೋಗಬೇಕೆಂದರೆ ಬಂಡೆಯಂಚಿನ ಮೇಲೆ ಇಡೀ ಲಾಳ ಬಳಸಿ ಹೋಗಬೇಕು.

ಶೌಚಾಲಯದ ಮುಂದೆ ಹೆಂಗಸರ ಸಾಲು ಬಾಲದ ಹಾಗೆ ಬೆಳೆದಿತ್ತು. "ನೀನು ಬಾ, ನಾನು ನಿಧಾನಕ್ಕೆ ಮುಂದೆ ನಡೀತಿರ್ತೀನಿ" ಎಂದಳು ಅಮ್ಮ. ಬೇಡ ಎಂದು ತಲೆಯಾಡಿಸಿದೆ. ಅವಳು ಆಗಲೇ ಬೆನ್ನು ತಿರುಗಿಸಿದ್ದಳು. ಬೆನ್ನು ತಿರುಗಿಸಿದ ಅಮ್ಮನಿಗೆ ಏನು ಹೇಳಿದರೂ ಗೋಡೆಗೆ ಹೇಳಿದ ಹಾಗೆ.

ಹೊರಗೆ ಬಂದಾಗ ಅವಳ ಹಳದಿ ಸ್ವೆಟರ್ ಆ ತುದಿಯಲ್ಲಿ ಕಂಡಿತು. ದಾರಿಯಿಂದ ಸರಿದು ಹುಲ್ಲಿಗೆ ಇಳಿಯುತ್ತಿದ್ದಳು. ಅಲ್ಲಿ ಕಟ್ಟಿದ್ದ ಹಗ್ಗ ಜೋತು ಬಿದ್ದು, ಜನ ದಾಟಿ ದಾಟಿ ಹುಲ್ಲಿನಲ್ಲೇ ಒಂದು ಜಾಡು ಮೂಡಿತ್ತು. ಫೋಟೋ ಮುಗಿಸಿದ ಒಂದು ಜೋಡಿ ವಾಪಸ್ಸು ಬರುತ್ತಾ ಅವಳಿಗೆ ದಾರಿ ಬಿಟ್ಟಿತು. ಅಲ್ಲಿಯವರೆಗೆ ನನಗೆ ಅಂಥ ಭಯವೇನೂ ಆಗಿರಲಿಲ್ಲ. ಅಂಚಿನಿಂದ ಎಷ್ಟು ದೂರ ನಿಂತಿದ್ದಾಳೆ ನೋಡೋಣವೆಂದು ದುರ್ಬೀನಿಗೆ ನಾಣ್ಯ ಹಾಕಿದೆ.

ಮೊದಲು ಅವಳ ಬೂಟು ಕಂಡಿತು. ಬೂಟಿನ ಸುತ್ತ ದಪ್ಪ ಹಸಿರು ಹುಲ್ಲು. ದುರ್ಬೀನನ್ನು ಚೂರು ಕೆಳಗಿಳಿಸಿದೆ. ಹುಲ್ಲಿನ ಕೆಳಗೆ ಒಂದು ಗೇಣು ಮಣ್ಣು, ಮಣ್ಣಿನ ಕೆಳಗೆ ಗಾಳಿ. ಬೇರುಗಳು ಕೂದಲಿನ ಹಾಗೆ ಜೋತು ಬಿದ್ದು ಅಲ್ಲಾಡುತ್ತಿದ್ದವು. ಅಲೆ ಕೆಳಗಿನಿಂದ ಕೊರೆದು ಕೊರೆದು ಬಂಡೆ ಒಳಗೆ ಹೋಗಿಬಿಟ್ಟಿತ್ತು. ಇಡೀ ಚಾಚು ಮೇಜಿನಿಂದ ಹೊರಗೆ ನೂಕಿದ ತಟ್ಟೆಯ ಹಾಗೆ ನಿಂತಿತ್ತು, ಅದರ ಮೇಲೆ ಅಮ್ಮ ನಿಂತಿದ್ದಳು. ನಾನು ನೋಡುತ್ತಿದ್ದಂತೆಯೇ ಮಣ್ಣಿನ ಹೆಂಟೆಯೊಂದು ಕಳಚಿ, ಸದ್ದಿಲ್ಲದೆ, ಬಹಳ ಹೊತ್ತು ಕೆಳಗಿಳಿಯಿತು.

ಅಷ್ಟರಲ್ಲಿ ದುರ್ಬೀನಿನ ಕಣ್ಣು ಮುಚ್ಚಿಕೊಂಡು ಎಲ್ಲ ಕಪ್ಪಾಯಿತು.

"ಅಮ್ಮಾ" ಎಂದು ಕಿರುಚಿದೆ. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿದರು, ಅವಳೊಬ್ಬಳನ್ನು ಬಿಟ್ಟು. ಫೋನ್ ಮಾಡಿದೆ. ಅವಳ ಬೆನ್ನಿನ ಚೀಲದೊಳಗೆ ಅದು ಯಾರಿಗಾಗಿ ಬಡಿದುಕೊಳ್ಳುತ್ತಿತ್ತೋ.

ಬೆಂಚಿನ ಮೇಲೆ ಫ್ಲಾಸ್ಕಿನಿಂದ ಏನೋ ಬಗ್ಗಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ಎದ್ದು ಬಂದರು. "ಏನಾಯ್ತಮ್ಮ?"

"ನಮ್ಮಮ್ಮ ಅಲ್ಲಿದ್ದಾರೆ. ಅದರ ಕೆಳಗೆ ಏನೂ ಇಲ್ಲ. ನೋಡಿ ಸರ್, ಕೆಳಗೆ ನೋಡಿ."

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಹೌದಲ್ಲ. ಮೊನ್ನೆ ಅಷ್ಟೊಂದು ಒಳಗೆ ಹೋಗಿರಲಿಲ್ಲ ಇದು." ಫ್ಲಾಸ್ಕಿನ ಮುಚ್ಚಳ ಅವರ ಕೈಯಲ್ಲೇ ಉಳಿಯಿತು. "ಕರೀರಿ ಮತ್ತೆ."

"ಕಿವಿ ಕೇಳಿಸಲ್ಲ."

"ಹಾಗಾದ್ರೆ ಕೈ ಬೀಸಿ."

ಎರಡೂ ಕೈ ಮೇಲೆತ್ತಿ ಬೀಸಿದೆ. ಅಮ್ಮ ನೋಡಿದಳು. ನನ್ನನ್ನು ಕಂಡಳು, ನನ್ನ ಕೈಯಲ್ಲಿದ್ದ ಫೋನನ್ನೂ ಕಂಡಳು. ಅವಳ ಮುಖ ಅರಳಿದ್ದು ಅಷ್ಟು ದೂರದಿಂದಲೂ ಗೊತ್ತಾಯಿತು. ತಲೆಗೆ ಕಟ್ಟಿದ್ದ ಸ್ಕಾರ್ಫ್ ಬಿಚ್ಚಿ, ಕೂದಲು ಸರಿಮಾಡಿಕೊಂಡಳು. ಹಿಂದೆ ಬಾ, ಹಿಂದೆ ಬಾ ಎಂದು ನಾನು ಅಂಗೈಯಿಂದ ಗಾಳಿಯನ್ನು ನನ್ನ ಕಡೆಗೆ ಎಳೆದೆ. ನನ್ನ ಕಡೆ ಎಂದರೆ ಅವಳಿಗೆ ಅಂಚಿನ ಕಡೆ. ಫೋಟೋದಲ್ಲಿ ಚೆನ್ನಾಗಿ ಬರಲು ಮುಂದೆ ಬರಬೇಕೆಂದುಕೊಂಡಳು. ಒಂದು ಹೆಜ್ಜೆ ಮುಂದೆ ಇಟ್ಟಳು. ಆಮೇಲೆ ಇನ್ನೊಂದು. ಕೈ ಅಗಲಿಸಿ ನಿಂತಳು.

ನನ್ನ ಕೈಗಳು ತಾವಾಗಿಯೇ ಕೆಳಗಿಳಿದವು.

"ಬೇಡ ಬೇಡ, ಇನ್ನು ಅಲ್ಲಾಡಿಸಬೇಡಿ" ಎಂದರು ಫ್ಲಾಸ್ಕಿನವರು, ಸಣ್ಣ ದನಿಯಲ್ಲಿ. "ಕಾವಲಿನವರಿಗೆ ಫೋನ್ ಮಾಡ್ತೀನಿ. ಅವರು ಗೇಟಿನ ಹತ್ರ ಇರ್ತಾರೆ, ಬರೋಷ್ಟರಲ್ಲಿ..." ಮುಂದಿನದನ್ನು ನುಂಗಿಕೊಂಡರು.

"ಯಾರೂ ಅಮ್ಮನ ಹತ್ರ ಹೋಗೋದು ಬೇಡ ಅಂತ ಹೇಳಿ. ಇನ್ನೊಬ್ಬರ ಭಾರ ಅದು ತಡೆಯಲ್ಲ."

ಓಡಿಹೋಗಬಹುದಿತ್ತು. ಲಾಳ ಬಳಸಿ ಹೋಗುವಾಗ ಮೊದಲ ತಿರುವಿನಲ್ಲೇ ಅವಳು ಮರೆಯಾಗುತ್ತಿದ್ದಳು, ನಾನು ತಲುಪುವವರೆಗೂ ಅವಳು ಅಲ್ಲೇ ನಗುತ್ತಾ ನಿಂತಿರುತ್ತಿದ್ದಳು. ನಾನು ಗಾಬರಿಯಾಗಿ ಓಡಿ ಬರುವುದು ಕಂಡರೆ ಏನೆನ್ನುತ್ತಾಳೆ ಎಂಬುದೂ ಗೊತ್ತಿತ್ತು. ಬಂತು ನೋಡಿ ಪುಕ್ಕಿ. ಬೇಕೆಂದೇ ಅಂಚಿಗೆ ಇನ್ನೂ ಸರಿದು ತೋರಿಸುತ್ತಾಳೆ. ಮಹಡಿಯ ಮೇಲೆ ಹಾಗೆ ಎಷ್ಟೋ ಸಲ ಮಾಡಿದ್ದಾಳೆ. ನನ್ನ ಹೆದರಿಕೆ ಅವಳಿಗೆ ದಿನನಿತ್ಯದ ಸಾಮಾನು, ಗಡಿಯಾರದ ಟಿಕ್ ಟಿಕ್ ಇದ್ದ ಹಾಗೆ. ಅದಕ್ಕೆ ಬೆಲೆ ಇರಲಿಲ್ಲ.

ನಾನು ಬಿದ್ದರೆ ಬರುತ್ತಾಳೆ.

ಯೋಚನೆ ಬಂದದ್ದೇ ಇನ್ನೊಂದು ಭಯವೂ ಬಂತು. ಬಂದರೆ ಓಡಿಬರುತ್ತಾಳೆ. ಅವಳ ನಡಿಗೆಗೇ ಮನೆಯ ಪಾತ್ರೆಗಳು ಅದುರುತ್ತವೆ. ಓಡಿದರೆ ಆ ಗೇಣು ಮಣ್ಣು ಏನಾಗುತ್ತದೆ? ಆದರೆ ಓಡುವುದು ಒಳಗಡೆಗೆ, ಒಂದೊಂದು ಹೆಜ್ಜೆಯೂ ಅಂಚಿನಿಂದ ದೂರಕ್ಕೆ. ನಿಂತರೆ ಅಂಚಿನಲ್ಲೇ. ಅವಳು ಸ್ಕಾರ್ಫನ್ನು ಬಾವುಟದ ಹಾಗೆ ಹಾರಿಸಿ, ತೆಗೆದೆಯಾ ಎಂದು ಕತ್ತು ಆಡಿಸುತ್ತಿದ್ದಳು.

"ಸರ್, ನಾನೀಗ ಬೀಳ್ತೀನಿ. ನನಗೇನೂ ಆಗಿರಲ್ಲ. ನೀವು ಗಾಬರಿಯಾದ ಹಾಗೆ ಮಾಡಿ."

"ಮಾಡೋದೇನು ಬಂತು, ಆಗಿದ್ದೀನಿ" ಎಂದರು.

ಎದೆ ಹಿಡಿದುಕೊಂಡು, ಕಟಾಂಜನದ ಪಕ್ಕ, ಅವಳಿಗೆ ಕಾಣುವ ಕಡೆ ಕುಸಿದೆ. ಮೊಣಕಾಲು ಕಲ್ಲಿಗೆ ಬಡಿದು ನಿಜವಾಗಿಯೇ ಕಣ್ಣು ಕತ್ತಲೆ ಬಂತು. ಪಕ್ಕಕ್ಕೆ ಉರುಳಿ, ಮುಖ ನೆಲಕ್ಕೆ ಮಾಡಿ ಮಲಗಿದೆ.

ಹಾಗೆ ಮಲಗಿದ ಮೇಲೆ ತಿಳಿಯಿತು, ಇನ್ನು ನನಗೆ ಅವಳು ಕಾಣುವುದಿಲ್ಲ. ತಲೆಯೆತ್ತಿದರೆ ನಾಟಕವೆಂದು ಗೊತ್ತಾಗಿಬಿಡುತ್ತದೆ. ಜನ್ಮವಿಡೀ ಎಲ್ಲದರ ಮೇಲೂ ಕಣ್ಣಿಟ್ಟು ಬದುಕಿದವಳು ಈಗ ಸಿಮೆಂಟಿನ ಒಂದು ಬಿರುಕನ್ನು, ಅದರೊಳಗೆ ಸಿಕ್ಕಿದ್ದ ಐಸ್‌ಕ್ರೀಮ್ ಕಡ್ಡಿಯನ್ನು ನೋಡುತ್ತಾ ಬಿದ್ದಿದ್ದೆ. ಸುತ್ತ ಬೂಟುಗಳು ಬಂದವು. ಯಾರೋ ನೀರು ಅಂದರು, ಯಾರೋ ಗಾಳಿ ಬಿಡಿ ಅಂದರು. ಒಬ್ಬ ಹೆಂಗಸು ನನ್ನ ಕೈ ಹಿಡಿದು ನಾಡಿ ನೋಡಿ, "ಅಬ್ಬಾ, ಏನು ಓಡ್ತಾ ಇದೆ" ಅಂದಳು.

"ಸರ್" ಎಂದೆ ತುಟಿ ಅಲ್ಲಾಡಿಸದೆ. "ಬರ್ತಿದ್ದಾರಾ?"

"ನೋಡ್ತಿದ್ದಾರೆ" ಎಂದರು ಫ್ಲಾಸ್ಕಿನವರು.

"ಆಮೇಲೆ?"

"ನಿಂತೇ ಇದ್ದಾರಮ್ಮ."

ಕೆಳಗೆ ಅಲೆ ಬಡಿಯಿತು. ಆ ಬಡಿತ ನೆಲದ ಮೂಲಕ ನನ್ನ ಕೆನ್ನೆಗೆ ತಾಗಿತು. ಇಲ್ಲಿ ಕಲ್ಲಿಗೇ ಹೀಗಾದರೆ ಅಲ್ಲಿ ಆ ಬೇರುಗಳಿಗೆ ಹೇಗಾಗಿರಬೇಡ. ನಗುತ್ತಿರಬಹುದೇ? ಪುಕ್ಕಿಯ ಹೊಸ ಆಟ ಎಂದುಕೊಂಡಳೇ? ನಾನು ಹಿಂದೆಂದೂ ಬಿದ್ದವಳಲ್ಲ. ಬೀಳುವ ಮೊದಲೇ ಏನನ್ನಾದರೂ ಹಿಡಿದುಕೊಳ್ಳುವವಳು.

"ಸರ್?"

ಬೂಟುಗಳಲ್ಲಿ ಒಂದು ಜೋಡಿ ಕಟಾಂಜನದ ಕಡೆಗೆ ತಿರುಗಿತು. ಯಾರೋ "ಅಯ್ಯಯ್ಯೋ ನೋಡ್ರಿ ಅಲ್ಲಿ" ಎಂದರು. ಏನನ್ನು ನೋಡಬೇಕೆಂದು ಯಾರೂ ಹೇಳಲಿಲ್ಲ. ತಲೆಯೆತ್ತಲು ನೋಡಿದೆ, ಎತ್ತಲಾಗಲಿಲ್ಲ. ಎತ್ತಿದರೆ ಅಲ್ಲಿ ಹಳದಿ ಬಣ್ಣ ಇರದೆ ಹೋದರೆ? ಇದುವರೆಗೆ ನಾಟಕಕ್ಕೆ ಮಲಗಿದ್ದೆ, ಈಗ ಏಳುವ ಶಕ್ತಿ ಇಲ್ಲದೆ ಮಲಗಿದ್ದೆ.

ಕೊನೆಗೆ ಫ್ಲಾಸ್ಕಿನವರ ಮೊಣಕಾಲು ನನ್ನ ಪಕ್ಕ ನೆಲಕ್ಕೆ ಬಂತು. "ಹಗ್ಗ ದಾಟಿದರು. ಈಚೆ ದಾರಿಗೆ ಬಂದರು. ಎಡವಿದರು, ಎದ್ದರು. ಏಳಬೇಡಿ ನೀವು, ಇನ್ನೂ ಓಡ್ತಿದ್ದಾರೆ. ಅಳಬೇಡಿ ಕೂಡ."

ಅವಳ ಹೆಜ್ಜೆ ನನಗೆ ದೂರದಿಂದಲೇ ಗುರುತು ಸಿಕ್ಕಿತು. ಜನರನ್ನು ಮೊಣಕೈಯಿಂದ ಸರಿಸಿ ಬಂದಳು, ಕೂತಳು, ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ಅವಳ ಉಸಿರು ಸೀಟಿಯ ಹಾಗೆ ಬರುತ್ತಿತ್ತು. ಅಂಗೈ ತರಚಿ ರಕ್ತ ಬಂದಿತ್ತು. ನಾನು ಕಣ್ಣು ಬಿಟ್ಟೆ.

"ಎಲ್ಲಿ ನೋವು? ಎಲ್ಲಿ ಹೇಳು."

"ಎಲ್ಲೂ ಇಲ್ಲಮ್ಮ."

ಅವಳು ನನ್ನ ತುಟಿ ಓದಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೆಗಲಿಗೆ ಒಂದು ಬಿಟ್ಟಳು, ಚೆನ್ನಾಗಿಯೇ. "ಥೂ ನಿನ್ನ. ಸತ್ತೇ ಹೋದೆ ಅಂದ್ಕೊಂಡೆ. ಇಷ್ಟು ವಯಸ್ಸಾಗಿದೆ, ಇದೇನಾ ಆಟ?"

ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟೆ. ತರಚಿದ ಕೈಯಲ್ಲಿ ಅವಳಿಗೆ ಯಂತ್ರ ಕಿವಿಗೆ ಕೂರಿಸಲಾಗಲಿಲ್ಲ, ನಾನೇ ಕೂರಿಸಿದೆ. ದುರ್ಬೀನಿಗೆ ನಾಣ್ಯ ಹಾಕಿ, ಅವಳನ್ನು ಮುಂದೆ ನಿಲ್ಲಿಸಿದೆ.

ಬೈಯುತ್ತಲೇ ಬಗ್ಗಿದಳು. ಬೈಗುಳ ಅರ್ಧಕ್ಕೆ ನಿಂತಿತು. ಆ ತುದಿಯಲ್ಲಿ ಕಾವಲಿನವರು ಬಂದು, ಜನರನ್ನು ಹಿಂದಕ್ಕೆ ಕಳಿಸಿ, ಹೊಸ ಹಗ್ಗ ಎಳೆಯುತ್ತಿದ್ದರು. ಅಮ್ಮ ಅವರನ್ನು ನೋಡುತ್ತಿರಲಿಲ್ಲ. ದುರ್ಬೀನಿನ ಕಣ್ಣು ಮುಚ್ಚಿಕೊಂಡ ಮೇಲೂ ಅವಳು ಕತ್ತಲೆಯನ್ನೇ ನೋಡುತ್ತಾ ಬಗ್ಗಿ ನಿಂತಿದ್ದಳು.

"ಅಮ್ಮ."

ಅವಳು ತಿರುಗಿದಾಗ ಅಭ್ಯಾಸದಂತೆ ಅವಳ ಮುಖ ನೋಡಿದೆ. ಅಲ್ಲಿ ನನಗೆ ಬೇಕಾದ ಗೇಲಿ ಇರಲಿಲ್ಲ.

ಫ್ಲಾಸ್ಕಿನವರು, "ಬಂದಿರಲ್ಲ ತಾಯಿ, ಅಷ್ಟು ಸಾಕು. ಹೋಗಿ ಬಿಸಿಯಾಗಿ ಏನಾದ್ರೂ ಕುಡೀರಿ" ಎಂದರು. ಚಹಾದಂಗಡಿಯವರೆಗೆ ಅಮ್ಮ ದಾರಿಯ ಒಳಬದಿಯಲ್ಲಿ ನಡೆದಳು, ನನ್ನ ಮಣಿಕಟ್ಟು ಬಿಡದೆ. ಎದುರಿಗೆ ಸೈಕಲ್ ಬಂದಾಗ ನಿಂತು, ಅದು ಪೂರ್ತಿ ಹೋಗುವವರೆಗೆ ಕಾದಳು.

ಅಂಗಡಿಯಲ್ಲಿ ಗಾಜಿನ ಗೋಡೆಯ ಪಕ್ಕದ ಮೇಜು ಅದೇ ತಾನೇ ಖಾಲಿಯಾಗಿತ್ತು. "ಅಲ್ಲಿ ಕೂತ್ಕೊಳ್ಳಿ ಮೇಡಂ, ಸಮುದ್ರ ಕಾಣುತ್ತೆ, ಎಲ್ಲರೂ ಅದನ್ನೇ ಕೇಳೋದು" ಎಂದಳು ಗಲ್ಲಾಪೆಟ್ಟಿಗೆಯ ಹಿಂದಿದ್ದ ಹುಡುಗಿ.

"ಬೇಡಮ್ಮ" ಎಂದಳು ಅಮ್ಮ. "ಈ ಗೋಡೆ ಕಡೆ ಸಾಕು."

ಚಹಾ ಬಂತು. ಅವಳು ಲೋಟ ಎತ್ತಲಿಲ್ಲ. ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದಳು, ಬೂಟಿನೊಳಗಿನಿಂದಲೇ.

"ಪುಕ್ಕಿ, ಈ ಕಟ್ಟಡ ಯಾವುದರ ಮೇಲೆ ನಿಂತಿದೆ? ಬಂಡೆನಾ, ಮಣ್ಣಾ?"

ನನಗೆ ಗೊತ್ತಿರಲಿಲ್ಲ. ಒಳಗೆ ಬಂದಾಗಿನಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ.

"ಬಂಡೆ ಅಮ್ಮ" ಎಂದೆ, ನಗುತ್ತಾ. "ಕುಡಿ, ಆರಿ ಹೋಗುತ್ತೆ."