ಬಚ್ಚಲ ಬಾಗಿಲ ಸಿಂಫನಿ

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಮಹಡಿ ಮನೆಯ ಅಜ್ಜಿ ಬಂದರು.

"ಕೇಳೋಕೆ ನಾಚಿಕೆ ಆಗುತ್ತಮ್ಮ. ನನ್ನ ಬಚ್ಚಲ ಬಾಗಿಲು ಎಲ್ಲಿ?"

ಒಯ್ದವನು ನನ್ನ ಗಂಡ. ಅವನು ಬರೆದ ಸಿಂಫನಿಯಲ್ಲಿ ಟೈಪ್‌ರೈಟರ್, ಅಲಾರಂ ಗಡಿಯಾರ, ಸೈಕಲ್ ಪಂಪು ಎಲ್ಲ ಇದ್ದವು. ಮುಪ್ಪಿನವರೆಗೂ ಉಳಿಯುವ ಪ್ರೀತಿಯ ಕುರಿತಾದ ಮೂರನೆಯ ಭಾಗಕ್ಕೆ ಮಾತ್ರ ಈ ಬಾಗಿಲ ಕಿರ್ರ್ ಸದ್ದೇ ಬೇಕೆಂದು ಹಟ ಹಿಡಿದಿದ್ದ. ಎರಡೇ ದಿನ ಎಂದು ಕೀಲುಸಮೇತ ಬಿಚ್ಚಿ ಒಯ್ದ. ಆಮೇಲೆ ಅವನ ಹೃದಯ ನಿಂತಿತು.

"ಪರದೆ ಕಟ್ಟಿದೀನಿ. ಅಳಿಯ ಆ ಕಡೆ ಬಂದಾಗೆಲ್ಲ ಒಳಗಿಂದ ಕೆಮ್ಮಿ ಕೆಮ್ಮಿ ಗಂಟಲೇ ಕಟ್ಟಿದೆ."

ಇಬ್ಬರೂ ಸಿಂಫನಿಯ ತಾಲೀಮು ನಡೆಯುತ್ತಿದ್ದ ಸಭಾಂಗಣಕ್ಕೆ ಹೋದೆವು. ಬಾಗಿಲು ವೇದಿಕೆಯ ನಡುವೆ ಚೌಕಟ್ಟಿನಲ್ಲಿ ನಿಂತಿತ್ತು. ಬಾಗಿಲನ್ನು ಶ್ರುತಿ ಮಾಡಲು ಬರುವುದಿಲ್ಲವಾದ್ದರಿಂದ ಪಿಟೀಲುಗಳೆಲ್ಲ ಅದಕ್ಕೇ ಶ್ರುತಿ ಮಾಡಿಕೊಂಡಿದ್ದವು.

ವಾದ್ಯವೃಂದದ ಕಂಡಕ್ಟರ್ ಬಾಗಿಲನ್ನು ತಬ್ಬಿಕೊಂಡ. "ಸಂಜೆ ಕಚೇರಿ ಇದೆ ಅಜ್ಜಿ! ಇದಿಲ್ಲದಿದ್ರೆ ಮೂರನೇ ಭಾಗ ಬಿಟ್ಟೇಬಿಡಬೇಕು."

ಗಂಡ ಅದನ್ನು ಬರೆದಿದ್ದನಷ್ಟೇ, ಕೇಳಿರಲಿಲ್ಲ. ನನಗಾದರೂ ಒಮ್ಮೆ ಕೇಳಬೇಕಿತ್ತು.

"ಇವತ್ತೊಂದಿನ ಬಿಡಿ ಅಜ್ಜಿ," ಎಂದೆ.

ಅಜ್ಜಿ ನನ್ನ ಮುಖ ನೋಡಿದರು. "ಸರಿ. ಆದ್ರೆ ನನ್ನ ಬಚ್ಚಲ ಬಾಗಿಲನ್ನ ಕಂಡಕಂಡವರು ತೆಗೆಯೋದು ಬೇಡ. ನಾನೇ ತೆಗೀತೀನಿ."

ಸಂಜೆ ಅಜ್ಜಿ ಬಾಗಿಲ ಹಿಂದೆ ನಿಂತರು. ಮೂರನೆಯ ಭಾಗ ಬಂತು. ಡ್ರಮ್ಮಿನವನು ಮೆಲ್ಲಗೆ ಮೂರು ಸಲ ಬಡಿದ.

"ಇದೀನಿ ಒಳಗೆ!" ಎಂದು ಅಜ್ಜಿ ಕೂಗಿದರು.

ಪಿಟೀಲಿನವರು ಒಂದೇ ಸ್ವರ ಹಿಡಿದು ಕಾದರು. ಕಂಡಕ್ಟರ್ ಬೆವರಿದ. ಡ್ರಮ್ಮಿನವನು ಇನ್ನೊಮ್ಮೆ ಬಡಿದ.

"ಒಂದ್ನಿಮಿಷ ತಡಿಯೋಕಾಗಲ್ವಾ? ಬಂದೆ!"

ಬಾಗಿಲು ಕಿರ್ರೆಂದು ನಿಧಾನವಾಗಿ ತೆರೆಯಿತು. ಪಿಟೀಲುಗಳು ಆ ಸದ್ದನ್ನೇ ಹಿಡಿದು ಮೇಲೇರಿದವು. ಸಭೆ ಬಿದ್ದು ಬಿದ್ದು ನಕ್ಕಿತು. ಗಂಡನಿಗೆ ಏನೋ ಹೇಳಲೆಂದು ಪಕ್ಕಕ್ಕೆ ತಿರುಗಿದೆ. ಅಜ್ಜಿಯ ಅಳಿಯ ಕೂತಿದ್ದ.

ಮರುದಿನ ಬೆಳಿಗ್ಗೆ ಡ್ರಮ್ಮಿನವನೂ ನಾನೂ ಬಾಗಿಲನ್ನು ಹೊತ್ತು ಮೆಟ್ಟಿಲು ಹತ್ತಿ ತಂದು ಬಚ್ಚಲಿಗೆ ಕೂರಿಸಿದೆವು. ಅಜ್ಜಿ ಒಮ್ಮೆ ತೆಗೆದು ಮುಚ್ಚಿ ನೋಡಿದರು. ಕಿರ್ರ್.

"ಈ ಸದ್ದಿಗೆ ಅಳಿಯನಿಗೆ ನಿದ್ದೆ ಬರಲ್ವಂತೆ. ಕೀಲಿಗೆ ಒಂದಿಷ್ಟು ಎಣ್ಣೆ ಹಾಕಲೇನಮ್ಮ?"

ನಾನು ಬಾಗಿಲನ್ನು ಇನ್ನೊಮ್ಮೆ ತೆಗೆದು ಮುಚ್ಚಿದೆ.

"ನಿಮ್ಮ ಬಾಗಿಲು ಅಜ್ಜಿ. ಹಾಕಿ."

ಎಣ್ಣೆ ಬಾಟಲಿಯ ಮುಚ್ಚಳ ಬಿಗಿಯಾಗಿತ್ತು. ನಾನೇ ತೆಗೆದುಕೊಟ್ಟೆ.